ತಲಾ ಆದಾಯ ಮೂರು ಲಕ್ಷ ದಾಟಿದ ರಾಜ್ಯದಲ್ಲಿ ಗುಳೆ ಏಕೆ ನಿಂತಿಲ್ಲ?

ಪ್ರಶ್ನೆ: ತೊಗರಿ ನಾಡಿನ ಮೇಷ್ಟ್ರು

ಯಾದಗಿರಿ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವಾರ ರಾಷ್ಟ್ರೀಯ ಆದಾಯದ ಅಧ್ಯಾಯ ಮುಗಿಸುವಾಗ, ಉದಾಹರಣೆಗೆ ಇರಲೆಂದು, ಕರ್ನಾಟಕದ ತಲಾ ಆದಾಯ ವರ್ಷಕ್ಕೆ ಮೂರು ಲಕ್ಷ ರೂಪಾಯಿ ದಾಟಿದೆ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಮನ್ಯಾಗ ಐದು ಮಂದಿ ಅದೀವ್ರಿ. ಅಂದ್ರ ವರ್ಷಕ್ಕ ಹದಿನೈದು ಲಕ್ಷ ಬರಬೇಕಿತ್ತಲ್ರಿ. ಅದು ಯಾರ ಹತ್ರ ಅದ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅವನು ನಗಲಿಲ್ಲ. ಅವನ ತಂದೆತಾಯಿ ಪ್ರತಿ ವರ್ಷ ತೊಗರಿ ರಾಶಿ ಮುಗಿದೊಡನೆ ಮನೆಗೆ ಬೀಗ ಹಾಕಿ, ಮುದುಕಿಯನ್ನು ಪಕ್ಕದ ಮನೆಯವರ ಸುಪರ್ದಿಗೆ ಬಿಟ್ಟು, ಬೆಂಗಳೂರಿಗೆ ಗುಳೆ ಹೋಗುವವರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಸರಾಸರಿ ಎಂದರೇನು ಎಂಬುದನ್ನು ಅವನಿಗೆ ವಿವರಿಸುವುದು ಕಷ್ಟವಲ್ಲ. ನನಗೆ ತೊಡಕಾಗಿರುವುದು ಅದರ ಮುಂದಿನದು. ಆರ್ಥಿಕ ಬೆಳವಣಿಗೆಯಾದರೆ ಬಡತನ ತಾನಾಗಿ ಕರಗುತ್ತದೆ ಎಂದು ಒಂದು ಪಠ್ಯ ಹೇಳಿದರೆ, ಅಸಮಾನತೆ ತಗ್ಗದೆ ಬಡತನ ತಗ್ಗದು ಎಂದು ಇನ್ನೊಂದು ಹೇಳುತ್ತದೆ. ಬೆಳವಣಿಗೆಯ ಆರಂಭದಲ್ಲಿ ಅಸಮಾನತೆ ಹೆಚ್ಚಿ, ಮುಂದೆ ತಾನೇ ಇಳಿಯುತ್ತದೆ ಎಂಬ ಅರ್ಥಶಾಸ್ತ್ರಜ್ಞ ಕುಜ್ನೆಟ್ಸ್ ಅವರ 1955ರ ಊಹೆಯನ್ನು ನಾವು ಇಂದಿಗೂ ತಲೆಕೆಳಗಾದ ಯು ಆಕಾರದ ರೇಖೆಯಾಗಿ ಬಿಡಿಸಿ ತೋರಿಸುತ್ತೇವೆ. ನಮ್ಮ ಭಾಗದ ಅನುಭವವನ್ನು ಆ ರೇಖೆಯ ಯಾವ ಬಿಂದುವಿನಲ್ಲಿ ಇಡಬೇಕು? ಬೆಂಗಳೂರು ಇಷ್ಟು ಬೆಳೆದ ಮೇಲೂ ಗುಳೆಯ ಬಸ್ಸುಗಳು ತುಂಬಿಯೇ ಹೋಗುತ್ತಿರುವುದೇಕೆ? ತಿಳಿದವರು ಸಾವಧಾನವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಲೆಕ್ಕಿಗ

ಮೇಷ್ಟ್ರೇ, ಹುಡುಗನ ಗುಣಾಕಾರ ಸರಿಯಾಗಿಯೇ ಇದೆ. ತಲಾ ಆದಾಯವೆಂಬ ಹೆಸರೇ ದಾರಿ ತಪ್ಪಿಸುವಂಥದ್ದು. ರಾಜ್ಯದ ಗಡಿಯೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು ಮತ್ತು ಸೇವೆಗಳ ನಿವ್ವಳ ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಬರುವ ಭಾಗಲಬ್ಧ ಅದು. ಕಂಪನಿಗಳ ಲಾಭ, ಕಟ್ಟಡಗಳ ಬಾಡಿಗೆ, ಹೊರ ರಾಜ್ಯ ಹಾಗೂ ಹೊರ ದೇಶದ ಷೇರುದಾರರಿಗೆ ಹೋಗುವ ಪಾಲು, ಎಲ್ಲವೂ ಅದರೊಳಗಿವೆ. 2011ರ ಜನಗಣತಿಯ ಪ್ರಕಾರ ರಾಜ್ಯದ 6.11 ಕೋಟಿ ಜನರಲ್ಲಿ ಬೆಂಗಳೂರು ನಗರ ಜಿಲ್ಲೆಯವರು ಸುಮಾರು 96 ಲಕ್ಷ, ಅಂದರೆ ಆರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ರಾಜ್ಯದ ಒಟ್ಟು ಉತ್ಪನ್ನದಲ್ಲಾದರೋ ಆ ಒಂದೇ ಜಿಲ್ಲೆಯದು ಮೂರನೇ ಒಂದಕ್ಕಿಂತ ಹೆಚ್ಚು. ಹೀಗಿರುವಾಗ ರಾಜ್ಯದ ಸರಾಸರಿಯಿಂದ ಯಾದಗಿರಿಯ ಮನೆಯೊಂದರ ಅಡುಗೆಮನೆಯನ್ನು ಊಹಿಸಲು ಬರುವುದಿಲ್ಲ.

ಬಡತನವನ್ನು ಅಳೆಯುವ ಕೋಲೂ ಒಂದೇ ಅಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ರಲ್ಲಿ ಹಳ್ಳಿಯಲ್ಲಿ ತಿಂಗಳಿಗೆ ತಲಾ 816 ರೂಪಾಯಿಗಿಂತ ಕಡಿಮೆ ಖರ್ಚು ಮಾಡುವವರು ಬಡವರು. ಆ ಲೆಕ್ಕದಲ್ಲಿ ದೇಶದ ಬಡತನ ಶೇ. 21.9 ಇತ್ತು. ರಂಗರಾಜನ್ ಸಮಿತಿ ಗೆರೆಯನ್ನು 972 ರೂಪಾಯಿಗೆ ಏರಿಸಿದಾಗ ಅದೇ ವರ್ಷದ ಬಡತನ ಶೇ. 29.5 ಆಯಿತು. ರಾತ್ರೋರಾತ್ರಿ ಯಾರೂ ಬಡವರಾಗಲಿಲ್ಲ, ಗೆರೆ ಸರಿಯಿತು ಅಷ್ಟೇ. ವಿಶ್ವಬ್ಯಾಂಕು 2025ರಲ್ಲಿ ದಿನಕ್ಕೆ 3 ಡಾಲರಿನ ಹೊಸ ಗೆರೆ ಎಳೆದಿದೆ. ಆ ಪ್ರಕಾರ ಭಾರತದ ಕಡುಬಡತನ 2011-12ರ ಶೇ. 27.1ರಿಂದ 2022-23ಕ್ಕೆ ಶೇ. 5.3ಕ್ಕೆ ಇಳಿದಿದೆ. ಸಮೀಕ್ಷೆಯ ವಿಧಾನ ನಡುವೆ ಬದಲಾಗಿರುವುದರಿಂದ ಈ ಇಳಿಕೆಯ ಪೂರ್ತಿ ಗಾತ್ರದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ, ಆದರೆ ಇಳಿದಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಬೆಳವಣಿಗೆ ಮತ್ತು ಅಸಮಾನತೆಯ ನಂಟಿಗೆ ಹಲಗೆಯ ಮೇಲೆಯೇ ಮಾಡಬಹುದಾದ ಲೆಕ್ಕವೊಂದಿದೆ. ಬಡತನದ ಗೆರೆ ತಿಂಗಳಿಗೆ 1,000 ರೂಪಾಯಿ, ಒಂದು ಮನೆಯ ತಲಾ ಖರ್ಚು 800 ರೂಪಾಯಿ ಎಂದಿಟ್ಟುಕೊಳ್ಳಿ. ದೇಶದ ಸರಾಸರಿ ವರ್ಷಕ್ಕೆ ಶೇ. 5ರಂತೆ ಬೆಳೆದು, ಆ ಮನೆಯೂ ಅದೇ ವೇಗದಲ್ಲಿ ಬೆಳೆದರೆ ಐದನೇ ವರ್ಷಕ್ಕೆ ಅದು ಗೆರೆ ದಾಟುತ್ತದೆ. ಸರಾಸರಿ ಶೇ. 5ರಲ್ಲಿಯೇ ಇದ್ದು, ಹೆಚ್ಚಳದ ಬಹುಪಾಲು ಮೇಲಿನವರಿಗೆ ಹೋಗಿ, ಆ ಮನೆಗೆ ಶೇ. 1 ಮಾತ್ರ ದಕ್ಕಿದರೆ ಗೆರೆ ದಾಟಲು ಇಪ್ಪತ್ತಮೂರು ವರ್ಷ ಬೇಕು. ಎರಡು ಸಂದರ್ಭದಲ್ಲಿಯೂ ಪತ್ರಿಕೆಗಳು ಬರೆಯುವ ಬೆಳವಣಿಗೆಯ ದರ ಒಂದೇ! ಮೊದಲನೆಯ ಮನೆಯ ಮಗು ಅಷ್ಟರಲ್ಲಿ ಶಾಲೆಗೆ ಸೇರಿರುತ್ತದೆ, ಎರಡನೆಯ ಮನೆಯದು ದುಡಿಯಲು ಹೊರಟಾಗಿರುತ್ತದೆ.

ಒಂದು ಎಚ್ಚರಿಕೆ. ಭಾರತದ ಅಸಮಾನತೆಯ ಅಂಕಿಗಳಲ್ಲಿ ಖರ್ಚಿನ ಅಸಮಾನತೆ ಬೇರೆ, ಆದಾಯದ ಅಸಮಾನತೆ ಬೇರೆ. ಮನೆ ಬಾಗಿಲಿಗೆ ಹೋಗುವ ಸಮೀಕ್ಷೆಗೆ ದೊಡ್ಡ ಶ್ರೀಮಂತರು ಸಿಗುವುದು ಅಪರೂಪ, ಸಿಕ್ಕರೂ ಅವರು ಗಳಿಸಿದ್ದರಲ್ಲಿ ಖರ್ಚು ಮಾಡುವುದು ಸ್ವಲ್ಪ. ಹಾಗಾಗಿ ಖರ್ಚಿನ ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕ ಸೌಮ್ಯವಾಗಿ ಕಾಣುತ್ತದೆ. ತೆರಿಗೆಯ ದಾಖಲೆಗಳನ್ನೂ ಬಳಸುವ ವಿಶ್ವ ಅಸಮಾನತೆ ಪ್ರಯೋಗಾಲಯದವರ ಅಂದಾಜಿನಲ್ಲಿ 2022-23ರಲ್ಲಿ ದೇಶದ ಆದಾಯದ ಶೇ. 22.6 ಮೇಲಿನ ಶೇ. 1 ಜನರ ಪಾಲಾಗಿತ್ತು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ಎರಡೂ ಕಡೆಯ ವಕೀಲರ ಚಾಳಿ.

ಉತ್ತರ 2: ಪೇಟೆ ಬೀದಿ

ಲೆಕ್ಕಿಗರ ಉದಾಹರಣೆ ಅಂದವಾಗಿದೆ, ಆದರೆ ಅದರಲ್ಲಿ ಶೇ. 5ರ ಬೆಳವಣಿಗೆ ಎಂಬುದು ಪುಕ್ಕಟೆಯಾಗಿ ಬಂದುಬಿಟ್ಟಿದೆ. ನಿಜವಾಗಿ ಕಷ್ಟವಾದದ್ದು ಅದೇ. ಸ್ವಾತಂತ್ರ್ಯದ ನಂತರ ಮೂರು ದಶಕಗಳ ಕಾಲ ನಮ್ಮ ಆರ್ಥಿಕತೆ ವರ್ಷಕ್ಕೆ ಸುಮಾರು ಶೇ. 3.5ರಂತೆ ತೆವಳಿತು. ಜನಸಂಖ್ಯೆಯ ಏರಿಕೆಯನ್ನು ಕಳೆದರೆ ತಲೆಗೆ ಉಳಿದದ್ದು ಅದರ ಅರ್ಧಕ್ಕಿಂತ ಕಡಿಮೆ. ಸಮಾನತೆಯ ಭಾಷಣಗಳಿಗೆ ಆಗ ಬರವಿರಲಿಲ್ಲ, ಆದರೂ 1970ರ ದಶಕದ ನಡುಭಾಗದವರೆಗೆ ಬಡತನದ ಪ್ರಮಾಣ ಮಳೆ ಬಂದ ವರ್ಷ ಇಳಿಯುತ್ತ, ಬಾರದ ವರ್ಷ ಏರುತ್ತ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ತೆಂಡೂಲ್ಕರ್ ವಿಧಾನದ ಅಂಕಿಗಳನ್ನೇ ನೋಡಿ: 1993-94ರಲ್ಲಿ ಶೇ. 45.3, 2004-05ರಲ್ಲಿ ಶೇ. 37.2, 2011-12ರಲ್ಲಿ ಶೇ. 21.9. ಮೊದಲ ಹನ್ನೊಂದು ವರ್ಷಗಳಲ್ಲಿ ಇಳಿದದ್ದು ಎಂಟು ಅಂಶ, ನಂತರದ ಏಳು ವರ್ಷಗಳಲ್ಲಿ ಹದಿನೈದು. ಆ ಏಳು ವರ್ಷಗಳೇ ದೇಶ ಅತಿ ವೇಗವಾಗಿ ಬೆಳೆದ ವರ್ಷಗಳು.

ಚೀನಾದಲ್ಲಿ 1978ರ ಚಳಿಗಾಲದಲ್ಲಿ ಅನ್ಹುಯಿ ಪ್ರಾಂತದ ಶಿಯಾವ್‌ಗಾಂಗ್ ಎಂಬ ಹಳ್ಳಿಯ ಹದಿನೆಂಟು ರೈತರು, ಕಮ್ಯೂನಿನ, ಅಂದರೆ ಸಾಮೂಹಿಕ ಬೇಸಾಯದ, ಹೊಲವನ್ನು ಮನೆಗಳ ನಡುವೆ ಹಂಚಿಕೊಂಡು ಬೇಸಾಯ ಮಾಡುವುದೆಂದು ಗುಟ್ಟಾಗಿ ಕರಾರು ಬರೆದು ಹೆಬ್ಬೆಟ್ಟು ಒತ್ತಿದರು. ಮುಂದೆ ಸರಕಾರವೇ ಆ ಪದ್ಧತಿಯನ್ನು ದೇಶಕ್ಕೆಲ್ಲ ಒಪ್ಪಿಕೊಂಡಿತು. ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು. ಅದೇ ಅವಧಿಯಲ್ಲಿ ಅಲ್ಲಿ ಅಸಮಾನತೆಯೂ ಏರಿತು. ಹಸಿವು ಹೋಗಿ ಅಸೂಯೆ ಬಂದಿದ್ದರೆ ಅದನ್ನು ನಷ್ಟವೆಂದು ಕರೆಯಲು ನಾನು ಸಿದ್ಧನಿಲ್ಲ. ಆ ಹುಡುಗನ ಮನೆಯವರಿಗೆ ಬೆಂಗಳೂರಿನಲ್ಲಿ ಕೂಲಿಯಾದರೂ ಸಿಗುತ್ತಿರುವುದು ಅಲ್ಲಿ ಯಾರೋ ಕಟ್ಟಡ ಕಟ್ಟಿಸುವಷ್ಟು ಶ್ರೀಮಂತರಾಗಿರುವುದರಿಂದ.

ಉತ್ತರ 3: ಕರಾವಳಿಯ ನಿವೃತ್ತ

ನಾನು ಬ್ಯಾಂಕ್ ನೌಕರಿಯಲ್ಲಿದ್ದವನು, ದಕ್ಷಿಣ ಕನ್ನಡದವನು. ರಾಯಚೂರು ಜಿಲ್ಲೆಯಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಪೇಟೆ ಬೀದಿಯವರ ಅಂಕಿಗಳನ್ನು ಒಪ್ಪುತ್ತೇನೆ, ಚೀನಾದ ಕಥೆಯನ್ನು ಅವರು ನಡುವಿನಿಂದ ಶುರು ಮಾಡಿದ್ದಾರೆ ಎಂಬುದಷ್ಟೇ ನನ್ನ ತಕರಾರು.

ಕಮ್ಯೂನು ಒಡೆದಾಗ ಅಲ್ಲಿನ ನೆಲ ಹಂಚಿಕೆಯಾದದ್ದು ಮನೆಯ ಜನರ ಸಂಖ್ಯೆಗೆ ತಕ್ಕಂತೆ, ಹೆಚ್ಚುಕಡಿಮೆ ಸಮನಾಗಿ. ಓದುಬರಹ, ಪ್ರಾಥಮಿಕ ಆರೋಗ್ಯ ಎರಡೂ ಆ ಹೊತ್ತಿಗೆ ಹಳ್ಳಿಗಳನ್ನು ತಲುಪಿದ್ದವು. ಬಡತನ ದೊಡ್ಡ ಪ್ರಮಾಣದಲ್ಲಿ ಮೊದಲು ಕುಸಿದದ್ದು 1980ರ ದಶಕದ ಮೊದಲ ಭಾಗದಲ್ಲಿ, ಅದೂ ಬೇಸಾಯದ ಹೆಚ್ಚಳದಿಂದ. ಬ್ರೆಜಿಲ್ ಇದಕ್ಕೆ ತದ್ವಿರುದ್ಧ. 1968ರಿಂದ 1973ರವರೆಗೆ ಅದು ವರ್ಷಕ್ಕೆ ಶೇ. 10ರ ಆಸುಪಾಸಿನಲ್ಲಿ ಬೆಳೆದಾಗ ಜಗತ್ತು ಅದನ್ನು ಪವಾಡವೆಂದು ಕೊಂಡಾಡಿತು. ದೊಡ್ಡ ಜಮೀನ್ದಾರಿಗಳು ಹಾಗೆಯೇ ಇದ್ದ ನಾಡಿನಲ್ಲಿ ಆ ಪವಾಡ ಮೇಲಿನವರ ಅಂಗಳದಲ್ಲಿಯೇ ನಡೆಯಿತು. ತಾಯಂದಿರ ಕೈಗೆ ಹಣ ಕೊಟ್ಟು, ಮಕ್ಕಳ ಶಾಲೆಯ ಹಾಜರಾತಿ ಮತ್ತು ಲಸಿಕೆಯನ್ನು ಷರತ್ತಾಗಿಟ್ಟ ಬೋಲ್ಸಾ ಫಮೀಲಿಯಾ ಯೋಜನೆ 2003ರಲ್ಲಿ ಬಂದ ಮೇಲೆ, ಕನಿಷ್ಠ ಕೂಲಿಯ ಏರಿಕೆಯೂ ಜೊತೆಗೂಡಿ, ಅಲ್ಲಿನ ಅಸಮಾನತೆ ಹತ್ತು ವರ್ಷ ಸತತವಾಗಿ ಇಳಿಯಿತು. ಬೆಳವಣಿಗೆಯ ದರ ಆಗ ಪವಾಡದ ಕಾಲದ ಅರ್ಧವೂ ಇರಲಿಲ್ಲ. ಮೇಷ್ಟ್ರು ಬಿಡಿಸುವ ಕುಜ್ನೆಟ್ಸ್ ರೇಖೆ ತಾನಾಗಿ ಬಾಗುವುದಿಲ್ಲ, ಯಾರಾದರೂ ಬಾಗಿಸಬೇಕು ಎಂದು ಇದರಿಂದ ನನಗೆ ತೋರುತ್ತದೆ.

ಚೀನಾ, ಬ್ರೆಜಿಲ್ ದೂರವಾದವು ಎನ್ನುವವರಿಗೆ ನಮ್ಮ ರಾಜ್ಯದಲ್ಲಿಯೇ ಎರಡೂ ಮಾದರಿಗಳಿವೆ. ಉಳುವ ಗೇಣಿದಾರನಿಗೇ ನೆಲ ಕೊಡುವ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ನಾನಿನ್ನೂ ಹುಡುಗ. ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಅಪ್ಪನಂಥ ಗೇಣಿದಾರರು ಅಂಗಿಯ ಕಿಸೆಯಲ್ಲಿ ಗೇಣಿ ಚೀಟಿ ಇಟ್ಟುಕೊಂಡು ಹೋಗಿ ಸ್ವತಃ ಮಾತನಾಡಬೇಕಿತ್ತು. ಧಣಿಯ ಎದುರಿಗೆ ಅಪ್ಪ ಅದುವರೆಗೆ ಕುಳಿತು ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ. ಆ ವರ್ಷದಿಂದ ಗೇಣಿಯ ಅಕ್ಕಿ ಮನೆಯಲ್ಲೇ ಉಳಿಯಿತು, ಉಳಿದ ಅಕ್ಕಿಯೇ ನನ್ನ ಕಾಲೇಜಿನ ಫೀಸಾಯಿತು. ಆ ಜಿಲ್ಲೆಯಲ್ಲಿ ಆಗಲೇ ಊರೂರಿಗೆ ಶಾಲೆಗಳಿದ್ದವು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂಬ ನಾಲ್ಕು ಬ್ಯಾಂಕುಗಳು ಹುಟ್ಟಿದ್ದು ಅಂದಿನ ಆ ಒಂದು ಜಿಲ್ಲೆಯಲ್ಲಿ. 1991ರ ನಂತರ ಆರ್ಥಿಕತೆಯ ಬಾಗಿಲು ತೆರೆದಾಗ ಒಳಗೆ ಹೋಗಲು ನಮ್ಮ ಮಕ್ಕಳ ಕಾಲಿಗೆ ಬಲವಿತ್ತು.

ಹೈದರಾಬಾದ್ ಸಂಸ್ಥಾನದಿಂದ ಬಂದ ಯಾದಗಿರಿಯಂಥ ಜಿಲ್ಲೆಗಳಿಗೆ ಈ ಯಾವುದೂ ಆ ಪ್ರಮಾಣದಲ್ಲಿ ಸಿಕ್ಕಿರಲಿಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಅದರ ಹತ್ತು ವರ್ಷಗಳ ಮೇಲೆ. ಹಣವೇನೋ ಬರುತ್ತಿದೆ, 2023-24ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಲಾಯಿತು. ಆದರೆ 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿಯ ಫಲಿತಾಂಶ ಶೇ. 94 ಇದ್ದರೆ ಯಾದಗಿರಿಯದು ಶೇ. 50.59. ಮರುವರ್ಷ ಕೊನೆಯ ಸ್ಥಾನ ಪಕ್ಕದ ಕಲಬುರಗಿಗೆ ಹೋಯಿತು. ಕಟ್ಟಡಕ್ಕೆ ಟೆಂಡರ್ ಕರೆಯುವುದು ಸುಲಭ, ಗಣಿತದ ಮೇಷ್ಟ್ರನ್ನು ಹತ್ತು ವರ್ಷ ಒಂದೇ ಹಳ್ಳಿಯಲ್ಲಿ ನಿಲ್ಲಿಸುವುದು ಕಷ್ಟ. ಇಂದಿನ ಬೆಳವಣಿಗೆ ಕೇಳುವುದು ಹತ್ತನೆಯ ತರಗತಿ ದಾಟಿದವರನ್ನು. ದಾಟದವರಿಗೆ ಅದರಲ್ಲಿ ಉಳಿದಿರುವುದು ಇಟ್ಟಿಗೆ ಹೊರುವ ಕೆಲಸ.

ಉತ್ತರ 4: ಪೇಟೆ ಬೀದಿ

ಆರಂಭದ ಸ್ಥಿತಿ ಮುಖ್ಯ ಎಂಬುದನ್ನು ಒಪ್ಪಿದೆ. ಆದರೆ ಶಾಲೆಗೂ ಮಂಡಳಿಗೂ ಕೊಡುವ ಹಣ ಬೆಂಗಳೂರಿನ ತೆರಿಗೆಯಿಂದಲೇ ಬರಬೇಕು ಎಂಬುದನ್ನು ಮರೆಯಬಾರದು.

ಉತ್ತರ 5: ತಗಡಿನ ಶೆಡ್ಡು

ನಾನು ಈ ಚರ್ಚೆಯಲ್ಲಿ ಬರುವ ಗುಳೆಯ ಮನೆಯ ಮಗ. ಈಗ ಕಟ್ಟಡದ ಗುತ್ತಿಗೆದಾರರೊಬ್ಬರ ಬಳಿ ಲೆಕ್ಕ ಬರೆಯುತ್ತೇನೆ, ಹಾಗಾಗಿ ಎರಡೂ ಕಡೆಯ ಪುಸ್ತಕ ನೋಡಿದ್ದೇನೆ.

ಗುಳೆ ಶುರುವಾಗುವುದು ಬೆಂಗಳೂರಿನಲ್ಲಲ್ಲ, ಜೂನ್ ತಿಂಗಳಲ್ಲಿ ನಮ್ಮೂರಿನ ಕಟ್ಟೆಯ ಮೇಲೆ. ಬಿತ್ತನೆಗೆ ಬೀಜ ಗೊಬ್ಬರ ಬೇಕು, ಮನೆಯಲ್ಲಿ ಜೋಳ ತಳ ಕಂಡಿರುತ್ತದೆ. ಆಗ ಮೇಸ್ತ್ರಿ ಬಂದು ಮುಂಗಡ ಕೊಡುತ್ತಾನೆ. ಜನವರಿಯಲ್ಲಿ ತೊಗರಿ ಎಂಥ ಬೆಲೆಗೆ ಹೋದರೂ, ಹೋಗದಿದ್ದರೂ, ನಾವು ಅವನ ಹಿಂದೆ ಹೋಗಲೇಬೇಕು. ಕೂಲಿಯ ದರ ಅವನು ಹೇಳಿದ್ದೇ. ಕೂಲಿ ಹುಡುಕಿಕೊಂಡು ನಾಕಾದಲ್ಲಿ ನಿಂತವನಿಗೆ ದಿನಕ್ಕೆ 500 ಸಿಗುವ ಕಾಲದಲ್ಲಿ ಅಪ್ಪನಿಗೆ 350, ಅವ್ವನಿಗೆ 250 ಹಿಡಿದದ್ದು ನನಗೆ ನೆನಪಿದೆ. ಶನಿವಾರದ ಬಟವಡೆಯಲ್ಲಿ ವಾರದ ಖರ್ಚಿಗೆಂದು ಸ್ವಲ್ಪ ಕೈಗೆ ಬರುತ್ತಿತ್ತು, ಉಳಿದದ್ದು ಮುಂಗಡಕ್ಕೆ ವಜಾ. ನಾವಿದ್ದ ತಗಡಿನ ಶೆಡ್ಡಿನ ಎದುರಿಗೇ ಹದಿನಾಲ್ಕು ಮಹಡಿ ಎದ್ದಿತು. ಅಪ್ಪ ಸೆಂಟ್ರಿಂಗ್ ಹಲಗೆ ಹೊತ್ತು ಏರಿದ ಆ ಮಹಡಿಗಳಿಗೆ ಲಿಫ್ಟ್ ಕೂತ ದಿನ ನಾವು ಬೇರೆ ಸೈಟಿಗೆ ಹೋದೆವು. ಟೆಂಟ್ ಶಾಲೆ ಇದ್ದ ಕಡೆ ನಾನು ಓದಿದೆ, ಇಲ್ಲದ ಕಡೆ ತಂಗಿಯನ್ನು ನೋಡಿಕೊಂಡೆ.

ಪೇಟೆ ಬೀದಿಯವರು ಹೇಳಿದ್ದು ಸುಳ್ಳಲ್ಲ. ಆ ಕೂಲಿಯಿಂದಲೇ ಊರಿನ ಮನೆಗೆ ಸ್ಲ್ಯಾಬ್ ಬಿತ್ತು, ಅಕ್ಕನ ಮದುವೆಯಾಯಿತು. ಯಾವ ಗೆರೆಯಿಂದ ಅಳೆದರೂ ನಾವು ಆಗ ಬಡತನ ದಾಟಿದ ಮನೆಯವರೇ. ಆದರೆ ಅಪ್ಪ ಒಮ್ಮೆ ಸಾರವೆಯಿಂದ ಬಿದ್ದು ಎರಡು ತಿಂಗಳು ಮಲಗಿದಾಗ ಆಸ್ಪತ್ರೆಯ ಬಿಲ್ಲಿಗೆ ಒಂದು ಎಕರೆ ಹೋಯಿತು, ನಾವು ಮತ್ತೆ ಗೆರೆಯ ಈಚೆಗೆ ಬಂದೆವು. ಅಂಕಿಅಂಶದಲ್ಲಿ ಇಂಥ ಮನೆ ಒಂದು ಸಲ ಎಣಿಕೆಗೆ ಬರುತ್ತದೆ, ಸಮೀಕ್ಷೆ ಯಾವ ವರ್ಷ ಬಂತು ಎಂಬುದರ ಮೇಲೆ ಅದರ ಹಣೆಬರಹ.

ನಮ್ಮ ಮನೆಯಲ್ಲಿ ನಿಜವಾಗಿ ಬದಲಾವಣೆ ತಂದದ್ದು ಯಾವುದು ಎಂದು ಕೇಳಿದರೆ ನಾನು 2013ರ ಜುಲೈಯನ್ನು ಹೇಳುತ್ತೇನೆ. ಅನ್ನಭಾಗ್ಯದಲ್ಲಿ ಕೆ.ಜಿ.ಗೆ ಒಂದು ರೂಪಾಯಿಯಂತೆ ಅಕ್ಕಿ ಬಂತು. ಅಕ್ಕಿಯಿಂದ ಯಾರೂ ಶ್ರೀಮಂತರಾಗುವುದಿಲ್ಲ, ಜೋಳದ ರೊಟ್ಟಿ ತಿನ್ನುವ ನಮ್ಮ ಕಡೆ ಅದನ್ನು ಮೊದಮೊದಲು ಗೊಣಗುತ್ತಲೇ ಉಂಡರು. ಆದರೆ ಮರುವರ್ಷದ ಜೂನಿನಲ್ಲಿ ಮೇಸ್ತ್ರಿ ಕಟ್ಟೆಗೆ ಬಂದಾಗ ಅಪ್ಪ ಮೊದಲ ಸಲ, "ಈ ಸಲ ಮುಂಗಡ ಬ್ಯಾಡ, ದರ ಮಾತಾಡೂಣು" ಎಂದ. ಆ ವರ್ಷ ದಿನಕ್ಕೆ 80 ರೂಪಾಯಿ ಹೆಚ್ಚಿಗೆ ಸಿಕ್ಕಿತು. ಅದಕ್ಕೆ ಮುಂಚೆ, ಉದ್ಯೋಗ ಖಾತ್ರಿ 2006ರಲ್ಲಿ ಮೊದಲ ಹಂತದಲ್ಲಿಯೇ ನಮ್ಮ ಅಂದಿನ ಗುಲಬರ್ಗಾ ಜಿಲ್ಲೆಗೆ ಬಂದಿತ್ತು. ಕೂಲಿ ತಿಂಗಳುಗಟ್ಟಲೆ ತಡವಾಗುತ್ತಿದ್ದುದರಿಂದ ಮೇಸ್ತ್ರಿಯ ರೊಕ್ಕದ ಎದುರು ಅದು ನಿಲ್ಲಲಿಲ್ಲ. ಮುಂಗಡ ಎಂದರೆ ಇವತ್ತೇ ಕೈಗೆ ಬರುವ ಹಣ. ಈಗ ಅವ್ವನಿಗೆ ಬರುವ ಗೃಹಲಕ್ಷ್ಮಿಯ ಎರಡು ಸಾವಿರದ ಬಗ್ಗೆ ಪೇಟೆಯಲ್ಲಿ ಏನೇನೋ ಮಾತನಾಡುವುದನ್ನು ಕೇಳಿದ್ದೇನೆ. ಅದು ಸಂಘದ ಸಾಲದ ಕಂತಿಗೆ ಹೋಗುತ್ತದೆ ಎಂಬುದು ನಿಜ, ಆದರೆ ಆ ಕಂತಿಗಾಗಿ ಅವಳು ಗುಳೆ ಹೋಗುವುದು ತಪ್ಪಿದೆ.

ಉತ್ತರ 6: ಲೆಕ್ಕಿಗ

ಶೆಡ್ಡಿನವರು ಬರೆದದ್ದನ್ನು ಓದಿದ ಮೇಲೆ ನನ್ನ ಮೊದಲ ಉತ್ತರದಲ್ಲಿ ಬಿಟ್ಟುಹೋದ ಒಂದು ಸಂಗತಿಯನ್ನು ಸೇರಿಸಬೇಕಾಗಿದೆ. ಜಿಲ್ಲಾ ಆದಾಯದ ಲೆಕ್ಕ ಹಾಕುವಾಗ ಕೆಲಸ ಎಲ್ಲಿ ನಡೆಯಿತೋ ಅಲ್ಲಿಗೆ ಅದರ ಮೌಲ್ಯ ಸೇರುತ್ತದೆ. ಅವರ ತಂದೆ ಕಟ್ಟಿದ ಹದಿನಾಲ್ಕು ಮಹಡಿ ಬೆಂಗಳೂರು ನಗರ ಜಿಲ್ಲೆಯ ಉತ್ಪನ್ನ. ಜನಸಂಖ್ಯೆಯಲ್ಲಿ ಆ ಕುಟುಂಬ ಸಾಮಾನ್ಯವಾಗಿ ಊರಿನ ಲೆಕ್ಕದಲ್ಲಿಯೇ ಇರುತ್ತದೆ, ನಾಲ್ಕೈದು ತಿಂಗಳು ಶೆಡ್ಡಿನಲ್ಲಿದ್ದು ಹೋಗುವವರು ಮನೆಮನೆ ಸಮೀಕ್ಷೆಯಿಂದ ಎರಡೂ ಕಡೆ ಸುಲಭವಾಗಿ ಕೈತಪ್ಪುತ್ತಾರೆ. ದೇಶದ ದುಡಿಯುವವರಲ್ಲಿ 2023-24ರಲ್ಲಿ ಸುಮಾರು ಶೇ. 46 ಜನ ಬೇಸಾಯದಲ್ಲಿದ್ದರು, ಅಲ್ಲಿ ಹುಟ್ಟಿದ ಮೌಲ್ಯ ದೇಶದ ಉತ್ಪನ್ನದ ಶೇ. 18ರಷ್ಟು ಎನ್ನುವಾಗಲೂ ಇದೇ ಮಸುಕು ಇದೆ. ವರ್ಷದ ಅರ್ಧ ಗಾರೆ ಕೆಲಸ, ಅರ್ಧ ತೊಗರಿ ಎನ್ನುವವನನ್ನು ಒಂದೇ ಅಂಕಣದಲ್ಲಿ ಬರೆಯಬೇಕಾಗುತ್ತದೆ.

ಇನ್ನೊಂದು ಮಾತು. ಮುಂಗಡ ಬೇಡವೆಂದಾಗ ದರ ಏರಿದ ಆ ಘಟನೆ ಬೆಳವಣಿಗೆಯೋ, ಹಂಚಿಕೆಯೋ? ಅಕ್ಕಿ ಹಂಚಿಕೆಯಿಂದ ಬಂತು, ದರ ಏರಿಸಲು ಮೇಸ್ತ್ರಿಗೆ ಶಕ್ತಿ ಬಂದದ್ದು ಕಟ್ಟಡಗಳ ಭರಾಟೆಯಿಂದ. ಒಂದಿಲ್ಲದೆ ಇನ್ನೊಂದರಿಂದ ಆ 80 ರೂಪಾಯಿ ಬರುತ್ತಿರಲಿಲ್ಲ. ಪೇಟೆ ಬೀದಿಯವರಿಗೂ ಕರಾವಳಿಯವರಿಗೂ ನನ್ನ ಉತ್ತರ ಇದೇ.

ಪ್ರಶ್ನೆ ಕೇಳಿದವರಿಂದ: ತೊಗರಿ ನಾಡಿನ ಮೇಷ್ಟ್ರು

ಎಲ್ಲರಿಗೂ ಕೃತಜ್ಞ. 800 ರೂಪಾಯಿಯ ಲೆಕ್ಕವನ್ನು ನಿನ್ನೆ ಹಲಗೆಯ ಮೇಲೆ ಮಾಡಿಸಿದೆ, ಇಪ್ಪತ್ತಮೂರು ವರ್ಷ ಎಂದು ಬಂದಾಗ ಮಕ್ಕಳು ಮೂರು ಸಲ ತಾಳೆ ನೋಡಿದರು. ಆಮೇಲೆ ಲೆಕ್ಕಿಗರು ಹೇಳಿದ ಜಿಲ್ಲಾ ಆದಾಯದ ಸಂಗತಿಯನ್ನು ಹೇಳಿದೆ. ಹಿಂದಿನ ಬೆಂಚಿನ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಸರ್, ನಮ್ಮಪ್ಪನ ದುಡಿಮಿ ಬೆಂಗಳೂರಿನ ಮ್ಯಾಲಿನ ಅಂಕಿಯೊಳಗ, ನಾವು ಐದು ಮಂದಿ ಯಾದಗಿರಿ ಕೆಳಗಿನ ಅಂಕಿಯೊಳಗ?" ಎಂದ. ಹೌದು ಎಂದೆ. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದ ನಲವತ್ತೆರಡು ಮಕ್ಕಳಲ್ಲಿ ಎಷ್ಟು ಮನೆಗಳಿಂದ ಗುಳೆ ಹೋಗುತ್ತಾರೆ ಎಂದು ಕೇಳಿದಾಗ ಮೊದಲು ನಾಲ್ಕು ಕೈ ಎದ್ದವು. ಆ ಹುಡುಗ ಹಿಂದಕ್ಕೆ ತಿರುಗಿ ನೋಡಿದ ಮೇಲೆ ಇನ್ನೂ ಹನ್ನೊಂದು ಎದ್ದವು. ಆ ಹದಿನೈದು ಮನೆಗಳ ಒಂದು ವರ್ಷದ ಜಮಾಖರ್ಚನ್ನು ಮಕ್ಕಳಿಂದಲೇ ಬರೆಸಲು ತೀರ್ಮಾನಿಸಿದ್ದೇನೆ. ಮುಂಗಡಕ್ಕೆ ಬೇರೆ ಅಂಕಣ ಹಾಕಬೇಕೋ, ಸಾಲದ ಅಂಕಣದಲ್ಲಿಯೇ ಸೇರಿಸಬೇಕೋ ಎಂಬುದನ್ನು ಶೆಡ್ಡಿನವರು ದಯವಿಟ್ಟು ತಿಳಿಸಬೇಕು.

ಉತ್ತರ 7: ತಗಡಿನ ಶೆಡ್ಡು

ಬೇರೆ ಅಂಕಣವೇ ಹಾಕಿಸಿ ಸರ್. ಮುಂಗಡ ಕೊಟ್ಟ ತಿಂಗಳನ್ನೂ, ಆ ದಿನ ಒಪ್ಪಿದ ದರವನ್ನೂ ಅದರ ಪಕ್ಕದಲ್ಲಿಯೇ ಬರೆಸಿ.